ತಾವರೆ ಎಂದು ಬರೆದೆ

ಹೆಸರು ಹೇಳಿದರು. ನನಗೆ ಕೇಳಿಸಿತು.
ಕೇಳಿಸಲಿಲ್ಲ ಎಂದು ಈ ವಯಸ್ಸಿಗೆ ಸುಳ್ಳು ಹೇಳಲಾರೆ.
ಜೂನ್ ಮೊದಲ ಸೋಮವಾರ, ಒಂದನೇ ಕ್ಲಾಸಿಗೆ ಉದ್ದ ಸಾಲು,
ಹಡಗಿನಿಂದ ರಜೆಗೆ ಬಂದ ಲೋಕಯ್ಯ ಪುತ್ರನ್,
ಅವರ ಕೈಯಲ್ಲಿ ಹುಡುಗ, ಹುಡುಗನ ಕೈಯಲ್ಲಿ ಒಡೆದ ಸ್ಲೇಟು.
ಅವರು ಹೇಳಿದ್ದು ಒಂದು.
ನಾನು ಅರವಿಂದ ಎಂದು ಬರೆದೆ.
ತಾಯಿಯ ಹೆಸರು ವಾರಿಜ;
ಅಮ್ಮನೂ ತಾವರೆ, ಮಗನೂ ತಾವರೆ,
ಚೆಂದವಾಯಿತಲ್ಲ, ಎಂದೆ.
ಲೋಕಯ್ಯ ನಗಲಿಲ್ಲ.
ಉಪ್ಪುನೀರಲ್ಲಿ ತಾವರೆ ಆಗುವುದಿಲ್ಲ ಟೀಚರೇ, ಎಂದರು.
ಸಹಿ ಹಾಕಿದರು.

ಹಾಜರಿ ಕರೆದಾಗ ಹುಡುಗ ಒಂದು ಉಸಿರು ತಡವಾಗಿ
ಎದ್ದು ನಿಲ್ಲುತ್ತಿದ್ದ, ನಾಲ್ಕು ವರ್ಷವೂ.
ಸ್ವಲ್ಪ ಮಂದ ಎಂದುಕೊಂಡಿದ್ದೆ.

ಆಮೇಲೊಮ್ಮೆ ಕುಂಬಳೆ ಸ್ಟೇಷನ್ನಿನ ಬೆಂಚಿನಲ್ಲಿ,
ಮಂಗಳೂರು ಗಾಡಿ ನಲವತ್ತು ನಿಮಿಷ ತಡ,
ಲೋಕಯ್ಯ ಆ ಹೆಸರನ್ನು ಬಿಡಿಸಿ ತೋರಿಸಿದರು,
ಬಂಗುಡೆಯ ಹೊಟ್ಟೆ ಬಿಡಿಸಿದ ಹಾಗೆ:
ಮುಂದಿನರ್ಧ ಹದ್ದು, ಹಿಂದಿನರ್ಧ ಮರ.
ಸ್ವೀಡನ್ನಿನ ಹಳೇ ಮಾತು. ಅಲ್ಲಿಯವರಿಗೂ ಅರ್ಥ ಮರೆತಿದೆ,
ಐತ ಎಂದರೆ ಆದಿತ್ಯವಾರ ಹುಟ್ಟಿದವನೆಂದು
ನಮ್ಮ ಮಕ್ಕಳಿಗೆ ಮರೆತ ಹಾಗೆ.
ಎಂಜಿನ್ ಕೋಣೆಯ ಆರ್ವಿದ್‌ಗೆ ಅದು ಅಜ್ಜನಿಂದ ಬಂತು,
ಹೊಳೆಯಲ್ಲಿ ದಿಮ್ಮಿ ತೇಲಿಸುತ್ತಿದ್ದ ಅಜ್ಜ;
ಆ ಅಜ್ಜನಿಗೆ ಅವನ ಅಜ್ಜನಿಂದ.
ಅದರಾಚೆ ಹಿಮ, ಏನೂ ಕಾಣುವುದಿಲ್ಲ.

ನಿಮ್ಮನ್ನು ನೀರಿಂದ ಎತ್ತಿದನೇ? ಬೆಂಕಿಯಿಂದ?
ಕಥೆಯ ಆಸೆಗೆ ಕೇಳಿದೆ.
ಇಲ್ಲ ಟೀಚರೇ.
ಹಡಗಿನವರಿಗೆಲ್ಲ ನಾನು ಲಕ್ಕಿ. ಕ್ಯಾಪ್ಟನ್ನಿಗೆ ಲೂಕ.
ಸಂಬಳದ ಚೀಟಿಯಲ್ಲಿ ಬರೇ ಪುತ್ರ, ಯಾರದೆಂದಿಲ್ಲ.
ಅವನೊಬ್ಬ, ಮೊದಲ ದಿನ, ಎಣ್ಣೆಕೈ ಒರೆಸಿಕೊಂಡು ಕೇಳಿದ,
ನಿನ್ನ ಹೆಸರು ಹೇಗೆ ಹೇಳುವುದು?
ಮೂರು ಸಲ ತಪ್ಪಿದ. ನಾಲ್ಕನೆಯದು ಸರಿಯಾಯಿತು.
ಹನ್ನೊಂದು ತಿಂಗಳು ಹಾಗೇ ಕರೆದ.
ಅಷ್ಟೆ.

ಗಾಡಿ ಬಂತು.

ಮಂಜೇಶ್ವರದ ಬಾಲಕ್ಕೆ ಒಂದು ಮ್ ಅಂಟಿಸಿದರೆಂದು
ಕಲೆಕ್ಟರ್ ಕಚೇರಿಯೆದುರು ಬಿಸಿಲಲ್ಲಿ ಕೂತವಳು ನಾನು.
ನಮ್ಮ ಊರಿನ ಹೆಸರು ನಮಗಿರಲಿ, ಎಂದು
ಬಟ್ಟೆಯ ಮೇಲೆ ಕೆಂಪಕ್ಷರ ಬರೆದವಳು ನಾನು.
ಅಕ್ಷರ ದುಂಡಗೆಂದು ಬ್ರಷ್ಷು ಯಾವಾಗಲೂ ನನಗೇ ಕೊಡುತ್ತಿದ್ದರು.
ಅದೇ ಕೈ.

ಕೊಯಿಪ್ಪಾಡಿ ಕಡಲಬದಿಯ ಪಾಲೆಮರದಲ್ಲಿ
ಬಿಳಿಹೊಟ್ಟೆಯ ಹದ್ದು ಗೂಡು ಕಟ್ಟುತ್ತದೆ,
ವರ್ಷವೂ ಅದೇ ಕವಲು.
ಬುಡದಲ್ಲಿ ಕಡಲಹಾವಿನ ಬೆನ್ನೆಲುಬು, ಏಡಿಯ ಕಾಲು, ಹಿಕ್ಕೆ.
ಸಾವಿರ ಸಲ ಆ ದಾರಿಯಲ್ಲಿ ಶಾಲೆಗೆ ಹೋಗಿದ್ದೇನೆ,
ಸೆರಗಿನಿಂದ ಮೂಗು ಮುಚ್ಚಿಕೊಂಡು.

ಮೊನ್ನೆ ಅವನು ಬಂದ. ನಲವತ್ತಾರು. ಕಿವಿಯ ಬಳಿ ನರೆ.
ಕೈಯಲ್ಲಿ ಹೆಸರು ಬದಲಾವಣೆಯ ಅರ್ಜಿ, ಮಲಯಾಳದಲ್ಲಿ.
ಹಳೆಯ ಹೆಸರಿಗೆ ಒಂದು ಗೆರೆ, ಹೊಸ ಹೆಸರಿಗೆ ಒಂದು ಗೆರೆ.
ಅದಕ್ಕೂ ಹಿಂದಿನದಕ್ಕೆ ಗೆರೆಯಿಲ್ಲ.
ಅಪ್ಪ ಹೋಗಿ ವರ್ಷವಾಯಿತು ಟೀಚರ್,
ನೀವು ಕನ್ನಡದಲ್ಲಿ ಸರಿಯಾಗಿ ಬರೆದುಕೊಡಿ,
ಅದನ್ನು ನೋಡಿ ತುಂಬಿಸುತ್ತೇನೆ.

ಆರ್ವಿದ್. ಅರ್ವಿಡ್. ಅರ್ವೀದ್.
ಕೊನೆಗೆ ದಕಾರವೋ ಡಕಾರವೋ,
ಮೊದಲ ಸ್ವರ ಎಷ್ಟು ಉದ್ದವೋ,
ಆ ಬಾಯಿಂದಲೇ ಕೇಳಿಸಿಕೊಂಡ ಕಿವಿ ಈಗಿಲ್ಲ.
ಅಪ್ಪ ಹೇಗೆ ಕರೆಯುತ್ತಿದ್ದರು, ಕರೆ, ಎಂದೆ.
ಅವನು ಅಂಗಳದ ಅಂಚಿಗೆ ಹೋಗಿ ಕಡಲಿನತ್ತ ತಿರುಗಿ,
ದೋಣಿಯವರನ್ನು ಕೂಗುವ ಹಾಗೆ ಕೂಗಿದ:
ಆರ್ವಿದೂ...

ಆ ಕೊನೆಯ ಉಕಾರ ನಮ್ಮ ಕಡೆಯದು. ಸ್ವೀಡನ್ನಿನದಲ್ಲ.

ಇನ್ನೊಮ್ಮೆ, ಎಂದೆ.
ಪೆನ್ನಿನ ಮುಚ್ಚಳ ಇನ್ನೂ ತೆಗೆದಿರಲಿಲ್ಲ.